ಉದ್ದದ್ದೋ, ಗಿಡ್ಡದ್ದೋ?

ಆ ದಿನದ ಗಡಿಬಿಡಿಗೆಲ್ಲ ಮೂಲ ಒಂದು ಸೌಟು. ಅದು ಇರಬಾರದ ಜಾಗದಲ್ಲಿ ಇತ್ತು.

ಬೆಳಗಿನ ಟೀ ಲೋಟ ಇಡಲೆಂದು ಅಡುಗೆಮನೆಗೆ ಹೋದ ಚಾಳೀಸಪ್ಪನವರು ಬಾಗಿಲಲ್ಲೇ ನಿಂತುಬಿಟ್ಟರು. ಹಿಂದಿನ ಸಂಜೆ ಸೋಪುನೀರಲ್ಲಿ ಉಜ್ಜಿ ತೊಳೆದು, ಒಣಗಲೆಂದು ಪಾತ್ರೆಗಳ ಪಕ್ಕ ನಿಲ್ಲಿಸಿದ್ದ, ಅವರ ಕಾರಿನ ಇಂಜಿನ್ನಿಗೆ ಸೇರಬೇಕಾದ ನಾಲ್ಕು ಕೊಳವೆಗಳ ಮ್ಯಾನಿಫೋಲ್ಡ್ ಅಲ್ಲೇ ಇತ್ತು. ಆದರೆ ಅದರ ನಾಲ್ಕು ಬಾಯಿಗಳಲ್ಲೂ ಸೌಟು, ಜಾಲರಿ, ಮಗುಚುವ ಕೈ, ಚಿಕ್ಕ ದೊಡ್ಡ ಚಮಚಗಳು ಹೂದಾನಿಯ ಹೂಗಳ ಹಾಗೆ ಅರಳಿ ನಿಂತಿದ್ದವು.

"ಅಳಿಯಂದ್ರೇ," ಎಂದರು ಅವರ ಅತ್ತೆ, ಕಣ್ಣಲ್ಲಿ ನೀರು ತುಂಬಿಕೊಂಡು, "ಮದುವೆಯಾಗಿ ಇಷ್ಟು ವರ್ಷಕ್ಕೆ ಮನೆಗೆ ಬೇಕಾದ್ದು ಒಂದು ತಂದ್ರಲ್ಲ! ಎಷ್ಟು ಭದ್ರವಾಗಿದೆ ಈ ಚಮಚದ ಸ್ಟ್ಯಾಂಡು. ಗುದ್ದಿದ್ರೂ ಬೀಳಲ್ಲ."

ಅತ್ತೆಯ ಬಾಯಿಂದ ಹೊಗಳಿಕೆ ಕೇಳಿದ್ದು ಅದೇ ಮೊದಲು. ಆ ಸುಖವನ್ನು ಇನ್ನಷ್ಟು ಹೊತ್ತು ಅನುಭವಿಸಬೇಕೆಂದು ಚಾಳೀಸಪ್ಪನವರಿಗೆ ಆಸೆಯಾಯಿತು. ಆದರೆ ಇಂಜಿನ್ನಿನ ಮೇಲಿನ ಮೋಹ ದೊಡ್ಡದು. ಒಂದೊಂದೇ ಸೌಟನ್ನು ಕೀಳತೊಡಗಿದರು. ಅಷ್ಟರಲ್ಲಿ ಹೆಂಡತಿ ಒಳಗೆ ಬಂದರು.

ಹೆಂಡತಿ ಹೊಲಿಗೆಯವರು. ಅವರ ಹೊಲಿಗೆ ಮೆಷಿನ್ನು ಹಜಾರದ ನಡುದಾರಿಯಲ್ಲಿ ನಿಂತಿತ್ತು. ಮನೆಯವರೆಲ್ಲ ಅದನ್ನು ದಾಟಲು ಏಡಿಯ ಹಾಗೆ ಅಡ್ಡಡ್ಡ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದರು. ಮೆಷಿನ್ನಿಗೂ ಬಟ್ಟೆ ಕತ್ತರಿಸುವ ಮೇಜಿಗೂ ಸೊಗಸಾಗಿ ಸಾಲುವಂಥ ಒಂದು ಶೆಡ್ಡು ಅಂಗಳದಲ್ಲೇ ಇತ್ತು. ಆದರೆ ಅದರೊಳಗೆ, ಚಾಳೀಸಪ್ಪನವರ ಸೋದರಮಾವ ಸಾಯುವಾಗ ಬಿಟ್ಟುಹೋದ ಕೆಂಪು ಬಣ್ಣದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಹಳೆಯ ಸ್ಪೋರ್ಟ್ಸ್ ಕಾರು ಯೋಗನಿದ್ರೆಯಲ್ಲಿತ್ತು.

"ರೀ, ಇದು ಅಡುಗೆಮನೆಗೂ ಬಂತಾ?" ಎಂದರು ಹೆಂಡತಿ.

"ಒಣಗಲಿ ಅಂತ ಕಣೇ…"

"ನಾನು ಒಣಗಿ ಎಷ್ಟು ದಿನ ಆಯ್ತು ಗೊತ್ತಾ? ಇವತ್ತು ಅಂಗಡಿಗೆ ರಜಾ ತಾನೇ? ಕೇಳಿ. ಸಂಜೆ ಆ ಗುಜರಿಯವನನ್ನ ಬರಕ್ಕೆ ಹೇಳ್ತೀನಿ. ಅವನು ತಂದುಹಾಕಿದ ಎರಡು ಕಬ್ಬಿಣದಲ್ಲಿ ಒಂದನ್ನ ಆರಿಸಿ ಹಾಕಿ, ಕಾರು ತನ್ನ ಉಸಿರಲ್ಲೇ ಗೇಟು ದಾಟಿದ್ರೆ ಸರಿ, ಇನ್ನೊಂದನ್ನ ಅವನು ವಾಪಸ್ ಒಯ್ತಾನೆ. ದಾಟಲಿಲ್ವೋ, ಇಡೀ ಕಾರನ್ನೇ ಒಯ್ತಾನೆ. ಹೇಗೂ ಶೆಡ್ಡು ನಂದು."

"ಇವತ್ತೇನಾ?"

"ಇವತ್ತೇ."

ನಲವತ್ತು ದಾಟಿದವರ ಮೂಗಿಗೆ ಏರುವ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರಲ್ಲ, ಆ ಬೀದಿಯ ಅರ್ಧ ಮೂಗುಗಳಿಗೆ ಅದನ್ನು ಏರಿಸಿದವರು ಇವರೇ. ಹಾಗಾಗಿ ಆ ಹೆಸರು. ಅಂಗಡಿಯ ಕತ್ತಲೆಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಕಣ್ಣ ಮುಂದೆ ಒಂದಾದ ಮೇಲೊಂದು ಗಾಜು ಹಿಡಿದು, "ಇದು ಚೆನ್ನಾಗಿದ್ಯಾ, ಅದು ಚೆನ್ನಾಗಿದ್ಯಾ?" ಎಂದು ಕೇಳುವುದೇ ಅವರ ಬದುಕು. ಎಲ್ಲೋ ಒಬ್ಬ ಗಿರಾಕಿ, "ಎರಡೂ ಒಂದೇ ಥರ ಕಾಣ್ತಿದೆ" ಎಂದುಬಿಟ್ಟರೆ ಅವರಿಗೆ ಮೈ ಉರಿಯುತ್ತಿತ್ತು. "ಒಂದೇ ಥರ ಹೇಗೆ ಕಾಣತ್ತೆ ಸ್ವಾಮಿ? ಮನಸ್ಸಿಟ್ಟು ನೋಡಿ!" ಎನ್ನುತ್ತಿದ್ದರು.

ಊರಿಗೆಲ್ಲ ಆರಿಸಿಕೊಡುವವನಿಗೆ ತನ್ನ ಪಾಲಿನದನ್ನು ಆರಿಸುವಾಗ ಕಣ್ಣು ಮಂಜಾಗುವಂತೆ ದೇವರು ಏರ್ಪಾಟು ಮಾಡಿರುತ್ತಾನೆ. ಅದು ಶಿಕ್ಷೆಯಲ್ಲ. ಮೇಲೆ ಒಬ್ಬನೇ ಕೂತಿರುವವನಿಗೂ ಸ್ವಲ್ಪ ನಗು ಬೇಕಾಗುತ್ತದೆ.

ವಿಷಯ ಇಷ್ಟೇ. ಇಂಜಿನ್ನಿಗೆ ನಾಲ್ಕು ಸಿಲಿಂಡರು. ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಕೊಡುವುದು ಕಾರ್ಬುರೇಟರು. ಆ ಬೆರಕೆಯನ್ನು ನಾಲ್ಕಕ್ಕೂ ಹೆಚ್ಚುಕಡಿಮೆಯಾಗದಂತೆ ಹಂಚುವ ಕೊಳವೆಗಳ ಗುಂಪು ಮ್ಯಾನಿಫೋಲ್ಡ್. ನಾಲ್ಕು ಮಕ್ಕಳಿಗೆ ಒಂದೇ ಪಾತ್ರೆಯಿಂದ ಬಡಿಸುವ ತಾಯಿಯ ಕೈ ಇದ್ದ ಹಾಗೆ. ಸೋದರಮಾವನ ಕಾಲದ್ದು ಬಿರುಕು ಬಿಟ್ಟಿತ್ತು. ಗುಜರಿಯವನು ಸತ್ತ ಕಾರುಗಳಿಂದ ಬಿಚ್ಚಿದ ಎರಡನ್ನು ತಂದು, "ನೋಡಿ ಸಾರ್, ಬೇಕಾದ್ದು ಇಟ್ಕೊಳಿ, ಬೇಡದ್ದು ಕೊಡಿ" ಎಂದಿದ್ದ. ಒಂದಕ್ಕೆ ಆನೆಯ ಸೊಂಡಿಲಿನಂಥ ಉದ್ದ ಬಳುಕು ಕೊಳವೆಗಳು, ಮೇಲೆ ಒಂದೇ ದೊಡ್ಡ ಕಾರ್ಬುರೇಟರು. ಅದನ್ನು ಹಾಕಿದರೆ ಇಂಜಿನ್ನು ನಿಧಾನದಲ್ಲಿ ಚೆನ್ನಾಗಿ ಎಳೆಯುತ್ತದೆ. ಇನ್ನೊಂದಕ್ಕೆ ಹಂದಿಯ ಮೂತಿಯಂಥ ಗಿಡ್ಡ ಕೊಳವೆಗಳು, ಎರಡು ಕಾರ್ಬುರೇಟರು. ಅದನ್ನು ಹಾಕಿದರೆ ವೇಗ ಹೆಚ್ಚಿದಷ್ಟೂ ಹುಮ್ಮಸ್ಸು ಹೆಚ್ಚುತ್ತದೆ, ನಿಧಾನದಲ್ಲಿ ಮುಗ್ಗರಿಸುತ್ತದೆ. ಎಳೆತವೋ, ಓಟವೋ? ಈ ಪ್ರಶ್ನೆಯ ಮುಂದೆ ಚಾಳೀಸಪ್ಪನವರು ಕೂತು ಎರಡು ಸಲ ಕೊಡೆ ಬಿಚ್ಚುವ ಕಾಲ ಬಂದು ಹೋಗಿತ್ತು.

ಶೆಡ್ಡಿಗೆ ಬಂದವರು ಎರಡನ್ನೂ ಹಲಗೆಯ ಮೇಲೆ ಪಕ್ಕಪಕ್ಕ ಇಟ್ಟರು. ಅಷ್ಟು ದೂರ ನಿಂತು ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣಿಗೆ ಉದ್ದದ್ದು ಚೆನ್ನಾಗಿ ಕಂಡಿತು, ಬಲಗಣ್ಣಿಗೆ ಗಿಡ್ಡದ್ದು.

"ಉದ್ದದ್ದೇ ಹಾಕೋ!" ಎಂದು ಹಿಂದಿನಿಂದ ಗುಡುಗು ಕೇಳಿತು.

ಎದುರು ಮನೆಯ ರೈಲಜ್ಜ. ಆಯಸ್ಸೆಲ್ಲ ಗೂಡ್ಸ್ ರೈಲು ಓಡಿಸಿದವರು. ಈಗಲೂ ಯಾರಾದರೂ ಮನೆಯಿಂದ ಹೊರಟರೆ ಬಾಲ್ಕನಿಯಿಂದ ಹಸಿರು ಕರವಸ್ತ್ರ ಬೀಸುತ್ತಿದ್ದರು.

"ಎಳೆತ ಮುಖ್ಯ ಕಣೋ. ಓಡೋದು ದೊಡ್ಡದಲ್ಲ, ನಿಂತಿದ್ದು ಹೊರಡೋದು ದೊಡ್ಡದು. ನಾನು ಕಲ್ಲಿದ್ದಲು ತುಂಬಿದ ಡಬ್ಬಿಗಳನ್ನ ಏರಿನಲ್ಲಿ ಎಳೆದೋನು. ನಿನ್ನ ಈ ಆಟದ ಸಾಮಾನು ಏನು ಮಹಾ!"

"ಅಜ್ಜ, ಇದು ರೈಲಲ್ಲ," ಎಂದು ಇನ್ನೊಂದು ದನಿ ಬಂತು. ಗೋಡೆಯಾಚೆಯಿಂದ ಕೊಳಲು ಮೇಷ್ಟ್ರು ಒಂದು ಕಾಲು ಹಾಕಿ, ಬಿಳಿ ಅಂಗಿಗೆ ಸುಣ್ಣ ತಾಗದಂತೆ ಇನ್ನೊಂದು ಕಾಲು ಎಳೆದುಕೊಂಡು ಇಳಿದರು. "ಕೊಳವೆ ಉದ್ದ ಆದಷ್ಟೂ ನಾದ ತಗ್ಗು. ಗಿಡ್ಡ ಆದಷ್ಟೂ ತಾರಸ್ಥಾಯಿ. ಇದು ಹಾಡೋ ಕಾರು ಸ್ವಾಮಿ, ಗೊರಕೆ ಹೊಡೆಯೋ ಕಾರಲ್ಲ. ಗಿಡ್ಡದ್ದೇ ಹಾಕಿ."

"ಊದೋರಿಗೆ ಎಳೆಯೋರ ಕಷ್ಟ ಏನು ಗೊತ್ತು?"

"ಎಳೆದೂ ಎಳೆದೂ ನಿಮಗೆ ಕಿವಿ ಹೋಗಿದೆ!"

"ಏನಂದ್ರಿ?"

"ನೋಡಿ, ಕೇಳಿಸಲಿಲ್ಲ!"

ಮಾತಿನಲ್ಲಿ ತೀರದ ಜಗಳವನ್ನು ಮೇಷ್ಟ್ರು ವಿದ್ಯೆಯಲ್ಲಿ ತೀರಿಸಲು ಹೊರಟರು. ಗಿಡ್ಡ ಮ್ಯಾನಿಫೋಲ್ಡನ್ನು ಎತ್ತಿ, ನಾಲ್ಕು ಬಾಯಿಗೂ ಸರದಿಯಂತೆ ತುಟಿಯಿಟ್ಟು ಊದಿದರು. ನಾಲ್ಕೂ ಕಡೆಯಿಂದ ಹದ್ದು ಕೂಗಿದಂಥ ಶಬ್ದ ಬಂತು. ಆಮೇಲೆ ಉದ್ದದ್ದನ್ನು ಮಗುವಿನ ಹಾಗೆ ತೋಳಲ್ಲಿಟ್ಟುಕೊಂಡು ಊದಿದರು. ಒಂದನೆಯದು, ಎರಡನೆಯದು ಹಸುವಿನ ಹಾಗೆ ಕರೆದವು. ಮೂರನೆಯದು ಬರೀ ಬುಸ್ಸೆಂದಿತು.

"ಮೂರನೇದು ಮಾತಾಡ್ತಿಲ್ಲ," ಎಂದರು ಮೇಷ್ಟ್ರು. ಅವರ ತುಟಿಯ ಸುತ್ತ ಎಣ್ಣೆಮಸಿಯ ಮೀಸೆ ಮೂಡಿತ್ತು. "ಈ ವಾದ್ಯಕ್ಕೇ ದೋಷ ಇದೆ."

"ನಿಮ್ಮ ಉಸಿರಿಗೆ ದೋಷ ಇದೆ," ಎಂದರು ರೈಲಜ್ಜ.

ಚಾಳೀಸಪ್ಪನವರು ಉದ್ದದ್ದನ್ನು ಕೈಗೆ ತೆಗೆದುಕೊಂಡು ಮೂರನೆಯ ಬಾಯಿಗೆ ಕಣ್ಣಿಟ್ಟರು. ಊರಿಗೆಲ್ಲ ಕಣ್ಣು ಕೊಡುವವರ ಕನ್ನಡಕ ಆಗ ಹಣೆಯ ಮೇಲಿತ್ತು. ಕೊಳವೆಯ ತಿರುವಿನಲ್ಲಿ ಏನೋ ಬೆಳ್ಳಗೆ ಹೊಳೆಯಿತು.

"ಆಹಾ! ಸೋಪುನೀರಿನ ಮಹಿಮೆ ನೋಡಿ," ಎಂದರು ಅವರು. "ಒಳಗೆ ಬೆಳ್ಳಿ ಹೊಳೆದ ಹಾಗೆ ಹೊಳೀತಿದೆ. ಎಷ್ಟು ನುಣುಪು!"

ಆ ಹೊಳಪೇ ಅವರ ಮನಸ್ಸನ್ನು ಒಲಿಸಿತು ಎನ್ನಬಹುದಿತ್ತು. ನಿಜವಾಗಿ ಒಲಿಸಿದ್ದು ರೈಲಜ್ಜ. ಇವರು ಹೊಗಳುತ್ತ ನಿಂತಿದ್ದಾಗಲೇ ಅಜ್ಜ ಉದ್ದದ್ದನ್ನು ಕಸಿದುಕೊಂಡು ಇಂಜಿನ್ನಿಗೆ ಆನಿಸಿ ಒಂದು ನಟ್ಟು ತಿರುಗಿಸಿಯೇಬಿಟ್ಟಿದ್ದರು. ತಿರುಗಿಸಿದ ನಟ್ಟನ್ನು ಬಿಚ್ಚಿಸುವ ಧೈರ್ಯ ಚಾಳೀಸಪ್ಪನವರಿಗಿರಲಿಲ್ಲ. "ಹಾಗೇ ಆಗಲಿ" ಎಂದು ಸ್ಪ್ಯಾನರ್ ಹಿಡಿದರು. ಬೇರೆಯವರು ಆರಿಸಿದಾಗ ಕೆಲಸ ಎಷ್ಟು ಹಗುರ! ಶಿಳ್ಳೆ ಹಾಕುತ್ತ ಒಂದೊಂದೇ ನಟ್ಟು ಬಿಗಿದರು.

ಊಟದ ಹೊತ್ತಾಯಿತು. ಅತ್ತೆ ಟಾನಿಕ್ ಬಾಟಲಿ ಹಿಡಿದು ಶೆಡ್ಡಿನ ಬಾಗಿಲಿಗೆ ಬಂದರು. "ಊಟಕ್ಕೆ ಏಳಿ ಎಲ್ಲರೂ. ಈ ಮನೇಲಿ ಒಂದು ವಸ್ತು ಇಟ್ಟ ಜಾಗದಲ್ಲಿ ಇರಲ್ಲ, ಮುಚ್ಚಳದಲ್ಲಿ ಕುಡಿಯೋ ಹಾಗಾಯ್ತು ನನ್ನ ಬಾಳು," ಎಂದು ಬಾಟಲಿಯ ಮುಚ್ಚಳದಲ್ಲೇ ಟಾನಿಕ್ ಸುರಿದು ಕುಡಿದು, ಮುಖ ಕಿವುಚಿ, ಹೊರಟುಹೋದರು. ಅವರ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಮನೆಯ ಹಿರಿಯರ ಗೊಣಗಾಟದಲ್ಲಿ ಎಷ್ಟು ಸತ್ಯ ಹೀಗೆ ಗಾಳಿಗೆ ಹೋಗುತ್ತದೋ, ದೇವರಿಗೇ ಗೊತ್ತು.

ಊಟ ಮುಗಿದ ಮೇಲೆ ಪರೀಕ್ಷೆ. ಚಾಳೀಸಪ್ಪನವರು ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ಪ್ರಾರ್ಥನೆ ಹೇಳಿ, ಕೀಲಿ ತಿರುಗಿಸಿದರು.

ಇಂಜಿನ್ನು ಕೆಮ್ಮಿತು. ನಾಲ್ಕು ಜನ ಹೊರುವ ಮಂಚವನ್ನು ಮೂವರು ಹೊತ್ತ ಹಾಗೆ ಒಂದು ಕಡೆ ವಾಲಿ ವಾಲಿ ಕುಣಿಯಿತು. "ಕೊಡು, ಇನ್ನೂ ಕೊಡು!" ಎಂದು ಅಜ್ಜ ಹಸಿರು ಕರವಸ್ತ್ರ ಬೀಸಿದರು. ಇವರು ಕೊಟ್ಟರು. ಕಾರ್ಬುರೇಟರು ಒಮ್ಮೆ ಆಕಳಿಸಿ, ಢಮ್ ಎಂದು ಬೆಂಕಿ ಉಗುಳಿತು. ಹಿಂದೆಯೇ ಕರಿ ಹೊಗೆಯ ಒಂದು ದೊಡ್ಡ ಉಂಡೆ ಎದ್ದು, ಶೆಡ್ಡಿನ ಬಾಗಿಲು ದಾಟಿ, ಅಂಗಳದಲ್ಲಿ ಅತ್ತಿತ್ತ ನೋಡಿ, ಹಗ್ಗದ ಮೇಲೆ ಒಣಗುತ್ತಿದ್ದ ಬಿಳಿ ಪರದೆಗಳ ಮೇಲೆ ಹೋಗಿ ಕೂತಿತು.

ಆ ಪರದೆಗಳು ಹೆಂಡತಿ ಆಸ್ಪತ್ರೆಗೆಂದು ಹೊಲಿದವು.

ಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡರು. ಬೈಯಲಿಲ್ಲ. ಅದೇ ಭಯ. ಪರದೆಗಳನ್ನು ನೋಡಿದರು, ಗಂಡನನ್ನು ನೋಡಿದರು, ಸೊಂಟದಿಂದ ಫೋನು ತೆಗೆದರು.

"ಏನಪ್ಪಾ, ಸಂಜೆ ಅಂದಿದ್ನಲ್ಲ? ಈಗಲೇ ಬಾ. ಹಗ್ಗ ತಗೊಂಡು ಬಾ. ಗಟ್ಟಿದು."

"ಪರದೆ ನಾನೇ ಒಗೀತೀನಿ ಕಣೇ," ಎಂದು ಚಾಳೀಸಪ್ಪನವರು ಬೇಡಿಕೊಂಡರು. "ಗಿಡ್ಡದ್ದು ಇನ್ನೂ ನೋಡಿಲ್ಲ."

"ಅವನು ಹಗ್ಗ ಕಟ್ಟಿ ಮುಗಿಸೋದ್ರೊಳಗೆ ನೋಡ್ಕೊಳಿ."

ಸೋದರಮಾವ ಆ ಕಾರಿನಲ್ಲಿ ಇವರನ್ನು ಚಿಕ್ಕಂದಿನಲ್ಲಿ ಪಕ್ಕ ಕೂರಿಸಿಕೊಂಡು ಓಡಿಸಿದ್ದರು. ಗಾಳಿಗೆ ಇವರ ಟೋಪಿ ಹಾರಿಹೋಗಿತ್ತು. "ಹೋಗ್ಲಿ ಬಿಡೋ, ಟೋಪಿ ಸಿಗತ್ತೆ, ಗಾಳಿ ಸಿಗಲ್ಲ" ಎಂದು ಮಾವ ನಕ್ಕಿದ್ದರು. ಸಾಯುವ ಮುಂಚೆ ಕೀಲಿ ಕೈಗಿಟ್ಟಾಗಲೂ ಅದೇ ನಗು ನಕ್ಕಿದ್ದರು. ಈಗ ಆ ಕಾರು ತಕ್ಕಡಿಯ ಮೇಲೆ ಹೋಗುತ್ತದೆಂದರೆ ಮಾವ ಇನ್ನೊಂದು ಸಲ ಸತ್ತ ಹಾಗೆ. ಚಾಳೀಸಪ್ಪನವರ ಕಣ್ಣು ತೇವವಾಯಿತು, ಕೈ ಚುರುಕಾಯಿತು. ಬಿಸಿ ನಟ್ಟುಗಳಿಗೆ ಬೆರಳು ಸುಟ್ಟುಕೊಳ್ಳುತ್ತ ಉದ್ದದ್ದನ್ನು ಬಿಚ್ಚಿ ಕೆಳಗೆ ಹಾಕಿದರು.

ಗುಜರಿಯವನು ಹೇಳಿದ್ದಕ್ಕಿಂತ ಮೊದಲೇ ಬಂದ. ಆ ಕಸುಬಿನವರಿಗೆ ಸಾವಿನ ವಾಸನೆ ಬೇಗ ತಿಳಿಯುತ್ತದೆ. ತನ್ನ ಲಾರಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಅದರ ಮುಂದಿನ ಬಂಪರಿಗೆ ಹಗ್ಗದ ಒಂದು ತುದಿ ಕಟ್ಟಿ, ಇನ್ನೊಂದು ತುದಿ ಹಿಡಿದು ಶೆಡ್ಡಿಗೆ ಬಂದು, ಕಾರಿನ ಮೂತಿಯ ಕೆಳಗೆ ನುಸುಳಿದ.

"ಬೇಜಾರು ಮಾಡ್ಕೋಬೇಡಿ ಸಾರ್. ಎಲ್ಲಾ ಒಂದಿನ ನಮ್ಮ ಹತ್ರಾನೇ ಬರೋದು," ಎಂದು ಕೆಳಗಿನಿಂದಲೇ ಸಮಾಧಾನ ಹೇಳಿದ.

"ಸ್ವಲ್ಪ ನಿಧಾನವಾಗಿ ಕಟ್ಟಪ್ಪಾ."

ರೈಲಜ್ಜ ತಮ್ಮ ಪಕ್ಷ ಸೋತದ್ದನ್ನು ಮರೆತು ಸಹಾಯಕ್ಕೆ ನಿಂತರು. "ಏಯ್, ಆ ಗಂಟು ಸರಿಯಿಲ್ಲ. ಬಿಚ್ಚು. ಡಬ್ಬಿಗೆ ಡಬ್ಬಿ ಕಟ್ಟೋದು ಹೇಗೆ ಅಂತ ನಾನು ಹೇಳಿಕೊಡ್ತೀನಿ. ಒಂದ್ಸಲ ಏನಾಯ್ತು ಅಂದ್ರೆ…" ಎಂದು ಶುರುಮಾಡಿದರು. ಕಥೆಯ ರೈಲು ಒಂದೊಂದೇ ನಿಲ್ದಾಣದಲ್ಲಿ ನಿಂತು, ನೀರು ಕುಡಿದು, ಸಿಗ್ನಲ್ಲಿಗೆ ಕಾದು, ಹೊರಟಿತು. ಗುಜರಿಯವನು ಕಾರಿನಡಿಯಲ್ಲಿ ಮಲಗಿಕೊಂಡೇ "ಆಮೇಲೆ?" "ಆಮೇಲೆ?" ಎನ್ನುತ್ತಿದ್ದ. ಅತ್ತೆ ಅವನಿಗೆ ಅಲ್ಲಿಗೇ ಟೀ ಇಳಿಸಿದರು. ಈ ಸಂದಿನಲ್ಲಿ ಗಿಡ್ಡದ್ದು ಕೂತಿತು, ಎರಡು ಕಾರ್ಬುರೇಟರೂ ಸೇರಿಕೊಂಡವು. ಕಪ್ಪು ಮೀಸೆಯ ಮೇಷ್ಟ್ರು ಟಾರ್ಚು ಹಿಡಿದರು. ಬೆಳಕು ಬೇಕಾದ ಕಡೆ ಬಿಟ್ಟು ಬೇರೆಲ್ಲ ಕಡೆ ಬಿಟ್ಟರು.

ಗುಜರಿಯವನು ಕೊನೆಗೂ ಗಂಟು ಹಾಕಿ ಹೊರಗೆ ಬಂದು ಮೈ ಕೊಡವಿಕೊಂಡ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ಗೇಟಿನ ಬಳಿ ನಿಂತಿದ್ದರು. ಚಾಳೀಸಪ್ಪನವರು ಬಾನೆಟ್ ಮುಚ್ಚಿ, ಸೀಟಿಗೆ ಹಾರಿ, ಪ್ರಾರ್ಥನೆಯನ್ನೂ ಮರೆತು ಕೀಲಿ ತಿರುಗಿಸಿದರು.

ಇಂಜಿನ್ನು ಒಂದು ಕ್ಷಣ ಯೋಚಿಸಿತು. ಆಮೇಲೆ ಹಾಡಿತು.

ಅಂಥ ಹಾಡು ಆ ಬೀದಿ ಕೇಳಿರಲಿಲ್ಲ. ಕಿಟಕಿಗಳು ತೆರೆದವು. ಮೇಷ್ಟ್ರು ಕಣ್ಣು ಮುಚ್ಚಿ "ತಾರಸ್ಥಾಯಿ!" ಎಂದರು. ಆದರೆ ಪೆಡಲ್ಲಿನ ಮೇಲೆ ಕಾಲು ಸ್ವಲ್ಪ ಸಡಿಲವಾದರೆ ಸಾಕು, ಹಾಡು ಮುಗ್ಗರಿಸುತ್ತಿತ್ತು. ಇದಕ್ಕೆ ನಿಧಾನ ಆಗಿಬರದು, ನಿಂತರೆ ಸತ್ತೀತು ಎಂದು ಹೆದರಿದ ಚಾಳೀಸಪ್ಪನವರು, ಇಂಜಿನ್ನು ಕಿರಿಚುವಷ್ಟು ಪೆಡಲ್ ಒತ್ತಿ, ಕ್ಲಚ್ ಬಿಟ್ಟುಬಿಟ್ಟರು.

"ಹಗ್ಗ!" ಎಂದು ಗುಜರಿಯವನು ಕೂಗಿದ್ದು ಯಾರಿಗೂ ಕೇಳಲಿಲ್ಲ.

ಕೆಂಪು ಕಾರು ಚಿಗರೆಯಂತೆ ಶೆಡ್ಡಿನಿಂದ ನೆಗೆದು, ಹೆಂಡತಿಯ ಸೆರಗಿಗೆ ಗಾಳಿ ಬೀಸಿ, ಗೇಟು ದಾಟಿ, ಲಾರಿಯ ಪಕ್ಕದಿಂದ ಬೀದಿಗೆ ತಿರುಗಿತು. ಹಗ್ಗ ಬಿಗಿಯಿತು. ರೈಲಜ್ಜ ಹೇಳಿಕೊಟ್ಟ ಗಂಟು ಸಡಿಲುವ ಜಾತಿಯದ್ದಲ್ಲ. ಕಿತ್ತುಬಂದದ್ದು ಲಾರಿಯ ಬಂಪರು. ಅದನ್ನು ಬಾಲದಂತೆ ಕಟ್ಟಿಕೊಂಡು ಠಣಠಣ ಬಾರಿಸುತ್ತ ಕಾರು ಬೀದಿಯ ಕೊನೆಯವರೆಗೆ ಹೋಗಿ ಬಂತು.

"ಎಲ್ಲಾ ಒಂದಿನ ನಿನ್ನ ಹತ್ರಾನೇ ಬರತ್ತೆ, ತಗೋ," ಎಂದು ರೈಲಜ್ಜ ಬಂಪರನ್ನು ಎತ್ತಿ ಅದರ ಒಡೆಯನ ಕೈಗಿಟ್ಟರು.

ಹೆಂಡತಿ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡರು. ತಡೆಯಲಾಗಲಿಲ್ಲ. ಎಷ್ಟೋ ಕಾಲದಿಂದ ಹಜಾರದಲ್ಲಿ ಅಡ್ಡಡ್ಡ ನಡೆದು ನಡೆದು ಬಿಗಿದುಕೊಂಡಿದ್ದದ್ದೆಲ್ಲ ಆ ನಗುವಿನಲ್ಲಿ ಸಡಿಲವಾಯಿತು. "ಸರಿ, ದಾಟ್ತಲ್ಲ. ಮಾತು ಅಂದ್ರೆ ಮಾತು. ಕಾರು ಉಳೀತು," ಎಂದರು.

ಗುಜರಿಯವನು ಸೋತ ಉದ್ದದ್ದನ್ನೂ ಬಿರುಕು ಬಿಟ್ಟ ಹಳೆಯದನ್ನೂ ತನ್ನದೇ ಬಂಪರನ್ನೂ ಲಾರಿಗೆ ಎಸೆದು ಹೊರಟ.

"ಬಾರೇ, ಒಂದು ಸುತ್ತು," ಎಂದರು ಚಾಳೀಸಪ್ಪನವರು. ಹೆಂಡತಿ ಪಕ್ಕದಲ್ಲಿ ಕೂತರು. ಹೋದರು, ಬಂದರು. ಹೆಂಡತಿಯ ಕೂದಲೆಲ್ಲ ಗೂಡು ಕಟ್ಟಿಕೊಂಡಿತ್ತು.

"ಚೆನ್ನಾಗಿದೆ," ಎಂದರು ಇಳಿಯುತ್ತ. "ಆದ್ರೆ ಸ್ವಲ್ಪ ನಿಧಾನ ಹೋಗಿದ್ರೆ ಆ ಮೂಲೆ ಮನೆಯವರಿಗೆ ಕೈ ಬೀಸಬಹುದಿತ್ತು. ನಾನು ಕೈ ಎತ್ತೋದ್ರೊಳಗೆ ಅವರ ಮನೇನೇ ಹೋಯ್ತು."

"ನಿಧಾನ ಹೋದ್ರೆ ಮುಗ್ಗರಿಸತ್ತೆ ಕಣೇ. ಗಿಡ್ಡದ್ದರ ಗುಣವೇ ಹಾಗೆ."

"ಹೋಗ್ಲಿ. ಇನ್ನು ಮೇಲೆ ಬಾನೆಟ್ ತೆಗೆಯಲ್ಲ ಅಂತ ದೇವರಾಣೆ ಮಾಡಿ. ಕಾರು ಬೀದಿಯಲ್ಲಿ ನಿಲ್ಲಲಿ. ನಾಳೆ ನನ್ನ ಮೆಷಿನ್ನು ಶೆಡ್ಡಿಗೆ."

ಚಾಳೀಸಪ್ಪನವರು ಎದೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಮಾಡುವಾಗ ಅವರಿಗೇ ಆಶ್ಚರ್ಯವಾಯಿತು: ಆಣೆ ಭಾರವೆನಿಸಲಿಲ್ಲ. ಅಂಗಳದ ತೊಟ್ಟಿಯ ಬಳಿ ಕೂತು, ಮಸಿ ಹಿಡಿದ ಪರದೆಗಳನ್ನು ಒಗೆಯುತ್ತ, ಇಳಿಬಿಸಿಲಿನಲ್ಲಿ ಕೆಂಪು ಕಾರು ಹೊಳೆಯುವುದನ್ನು ನೋಡಿದರು. ಆರಿಸಿ ಆಗಿತ್ತು. ತಾವೇ ಆರಿಸಿದ್ದೂ ಅಲ್ಲ; ಒಂದು ಕೆಮ್ಮಿತು, ಒಂದು ಹಾಡಿತು, ಅಷ್ಟೆ. ಮೇಲಿರುವವನು ಕೊನೆಗೆ ಕರುಣೆ ತೋರಿ ತಾನೇ ಬೆರಳು ಮಾಡಿ ತೋರಿಸಿದ್ದ. ತಲೆಯೊಳಗೆ ಬೆಳಗಿನಿಂದ ಸಂಜೆಯವರೆಗೆ ತಿರುಗುತ್ತಿದ್ದ ಗಿರಣಿ ನಿಂತು, ಅದರ ಸದ್ದಿನಡಿ ಇಷ್ಟು ದಿನ ಹೂತುಹೋಗಿದ್ದ ಹಕ್ಕಿಗಳ ದನಿಯೆಲ್ಲ ಕೇಳಿಸತೊಡಗಿತ್ತು.

ಗೇಟಿನ ಹೊರಗೆ ಲಾರಿ ಬಂದು ನಿಂತ ಸದ್ದಾಯಿತು. ಬಂಪರಿಲ್ಲದ ಲಾರಿ, ಹಲ್ಲು ಬಿದ್ದ ಮುದುಕನ ಹಾಗೆ. ಗುಜರಿಯವನು ಒಂದು ಕೈಯಲ್ಲಿ ಉದ್ದ ಮ್ಯಾನಿಫೋಲ್ಡು, ಇನ್ನೊಂದು ಕೈಯಲ್ಲಿ ಏನೋ ಸಣ್ಣದು ಹಿಡಿದು ಇಳಿದ.

"ಸಾರ್, ಇದನ್ನ ಲಾರಿಗೆ ಎಸೆದೆನಲ್ಲ, ಒಳಗೆ ಕಿಣಿಕ್ ಅಂತು. ತಂತಿ ಹಾಕಿ ಎಳೆದೆ. ಮೂರನೇ ಕೊಳವೇಲಿ ಅಡ್ಡ ಸಿಕ್ಕಿತ್ತು," ಎಂದು ಕೈ ಬಿಡಿಸಿದ.

ಒಂದು ಪುಟ್ಟ ಚಮಚ.

"ಅಯ್ಯೋ, ನನ್ನ ಟಾನಿಕ್ ಚಮಚ!" ಎಂದು ಅತ್ತೆ ಓಡಿಬಂದು ಅದನ್ನು ಸೆರಗಿಗೆ ಒರೆಸಿಕೊಂಡರು. "ಬೆಳಗ್ಗೆ ಸ್ಟ್ಯಾಂಡಿಗೆ ಹಾಕಿದ್ದು ನೆನಪಿದೆ. ಮಧ್ಯಾಹ್ನದಿಂದ ಬಾಯಿ ಬಡ್ಕೊಂಡೆ, ಯಾರು ಕೇಳ್ತೀರ?"

"ನಾನು ಹೇಳಿರಲಿಲ್ವಾ, ಮೂರನೇದು ಮಾತಾಡ್ತಿಲ್ಲ ಅಂತ!" ಎಂದು ಗೋಡೆಯ ಮೇಲೆ ಕೊಳಲು ಮೇಷ್ಟ್ರ ತಲೆ ಮೂಡಿತು.

"ಹಾಗಾದ್ರೆ ಉದ್ದದ್ದು ಸೋತೇ ಇಲ್ಲ!" ಎಂದು ಎದುರು ಬಾಲ್ಕನಿಯಲ್ಲಿ ಹಸಿರು ಕರವಸ್ತ್ರ ಹಾರಾಡಿತು. "ಬಾಯಿಗೆ ಚಮಚ ತುರುಕಿ ಹಾಡು ಅಂದ್ರೆ ಯಾರು ಹಾಡ್ತಾರೆ? ಇದು ಮೋಸ! ಇನ್ನೊಂದ್ಸಲ ಆಗಲಿ!"

"ಉದ್ದದ್ದರಲ್ಲಿ ದೋಷ ಏನೂ ಇಲ್ಲ ಸಾರ್," ಎಂದ ಗುಜರಿಯವನು. "ಅದಕ್ಕೇ ವಾಪಸ್ ತಂದೆ. ಪಾಪ, ಸುಮ್ನೆ ಕೆಟ್ಟ ಹೆಸರು ಬಂತು ಇದಕ್ಕೆ."

ಎಲ್ಲರ ಕಣ್ಣೂ ಚಾಳೀಸಪ್ಪನವರ ಮೇಲೆ ನೆಟ್ಟಿತು. ಅವರು ಒದ್ದೆ ಕೈಯಲ್ಲೇ ಎದ್ದು ನಿಂತು, ಉದ್ದದ್ದನ್ನು ನೋಡಿದರು. ತಲೆಯ ಗಿರಣಿ ಶುರುವಾಗುತ್ತದೆಂದು ಕಾದರು. ಆಗಲಿಲ್ಲ. ಹಕ್ಕಿಗಳು ಇನ್ನೂ ಕೇಳಿಸುತ್ತಿದ್ದವು.

"ಬೇಡಪ್ಪ," ಎಂದರು ಸಂತೃಪ್ತಿಯಿಂದ. "ಗಿಡ್ಡದ್ದೇ ಇರಲಿ. ನಂಗೆ ಸಾಕಾಯ್ತು. ಒಯ್ದುಬಿಡು."

ಗುಜರಿಯವನು ತಿರುಗಿ ಹೊರಟ.

"ಸ್ವಲ್ಪ ನಿಲ್ಲಪ್ಪ."

ಕರೆದದ್ದು ಹೆಂಡತಿ. ಅವರು ಉದ್ದದ್ದನ್ನು ಅವನ ಕೈಯಿಂದ ತೆಗೆದುಕೊಂಡು, ಬಟ್ಟೆಯ ನೇಯ್ಗೆ ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ರೀ, ಇದರಲ್ಲಿ ನಿಧಾನ ಹೋದ್ರೂ ಮುಗ್ಗರಿಸಲ್ಲ ಅಲ್ವಾ?"

"ಇಲ್ಲ, ಆದ್ರೆ…"

"ಅಂದ್ರೆ ಮೂಲೆ ಮನೆ ಮುಂದೆ ಆರಾಮವಾಗಿ ಹೋಗಬಹುದು."

"ಹೋಗಬಹುದು, ಆದ್ರೆ ನಾನು ಆಣೆ ಮಾಡಿದೀನಿ ಕಣೇ. ಬಾನೆಟ್ ಮುಟ್ಟಲ್ಲ."

"ನೀವು ತಾನೇ ಮಾಡಿದ್ದು? ನಾನೇನು ಮಾಡಿಲ್ಲ," ಎಂದು ಹೆಂಡತಿ ಕಾರಿನ ಬಳಿ ಹೋಗಿ ಬಾನೆಟ್ ಎತ್ತಿದರು. "ಅಜ್ಜಾ, ಇಳಿದು ಬನ್ನಿ. ಮೇಷ್ಟ್ರೇ, ಟಾರ್ಚು ತನ್ನಿ. ಕಾರನ್ನ ಶೆಡ್ಡಿಗೇ ತಳ್ಳಿ. ಬೀದಿಯಲ್ಲಿ ಬಿಚ್ಚಿದ್ರೆ ಧೂಳು ಕೂರತ್ತೆ."

ಕಾರು ಶೆಡ್ಡಿಗೆ ಹೋಯಿತು. ಹೊಲಿಗೆ ಮೆಷಿನ್ನು ಹಜಾರದಲ್ಲೇ ಉಳಿಯಿತು. ಅತ್ತೆ ಚಮಚದಲ್ಲಿ ಅಳೆದು ಟಾನಿಕ್ ಕುಡಿದರು. ಗಿಡ್ಡದ್ದು ಕಳಚಿತು, ಉದ್ದದ್ದು ಕೂತಿತು. ಅದೂ ಹಾಡಿತು, ಹಸುವಿನಂಥ ತುಂಬು ದನಿಯಲ್ಲಿ. ಮೂಲೆ ಮನೆಯವರಿಗೆ ಹೆಂಡತಿ ಮನಸಾರೆ ಕೈ ಬೀಸಿ ಬಂದರು. ಆದರೆ ಬಂದವರು ಇಳಿಯದೆ ಹಾಗೇ ಕೂತು, "ಆ ಗಾಳಿ ಮಾತ್ರ ಇರಲಿಲ್ಲ ರೀ" ಎಂದರು. ಗಿಡ್ಡದ್ದನ್ನು ತಿರುಗಿ ಎತ್ತಿಕೊಂಡರು.

"ಅಕ್ಕಾ, ನಾನು ಬೇಡದ್ದು ಒಯ್ಯಕ್ಕೆ ಯಾವತ್ತು ಬರಲಿ?" ಎಂದು ಕೇಳಿದ ಗುಜರಿಯವನು.

"ಹೇಳಿ ಕಳಿಸ್ತೀನಿ," ಎಂದರು ಹೆಂಡತಿ, ತಲೆಯೆತ್ತದೆ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಎರಡೂ ಮ್ಯಾನಿಫೋಲ್ಡುಗಳು ಪಕ್ಕಪಕ್ಕ ಬಂದು ಕೂತವು. ಹೆಂಡತಿ ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣು ಮುಚ್ಚಿ ನೋಡಿದರು. ಆಮೇಲೆ ಅಂಗಳದ ಕಡೆ ತಿರುಗಿ ಕೂಗಿದರು:

"ರೀ, ಇಲ್ಲಿ ಬನ್ನಿ. ಇದು ಚೆನ್ನಾಗಿದ್ಯಾ, ಅದು ಚೆನ್ನಾಗಿದ್ಯಾ?"

ಚಾಳೀಸಪ್ಪನವರು ನೀರು ತೊಟ್ಟಿಕ್ಕುವ ಪರದೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದರು. ಎರಡನ್ನೂ ನೋಡಿದರು.

"ಎರಡೂ ಒಂದೇ ಥರ ಕಾಣ್ತಿದೆ ಕಣೇ," ಎಂದರು ಶಾಂತವಾಗಿ.

"ಒಂದೇ ಥರ ಹೇಗೆ ಕಾಣತ್ತೆ?" ಎಂದು ಹೆಂಡತಿ ಸಿಡುಕಿದರು. "ಮನಸ್ಸಿಟ್ಟು ನೋಡಿ!"